ಇದ್ದವರ ಹಾಡು

೯ ಆಗಸ್ಟ್ ೧೯೭೭, ಸಿಂದಗಿ

ಸತ್ತವರ ಮನೆಯಿಂದ ಬಂದು ತಲೆಸ್ನಾನ ಮಾಡಿ ಕುಳಿತಿದ್ದೇನೆ. ಕೂದಲು ಇನ್ನೂ ಒದ್ದೆ. ಗಂಟಲು ಒಡೆದಿದೆ. ಬಿಸಿನೀರಿಗೆ ಉಪ್ಪು ಹಾಕಿಟ್ಟಿದ್ದೆ, ಅದೂ ಆರಿತು.

ಇಂದು ಗುರಲಿಂಗಪ್ಪನವರ ಹೆಂಡತಿ. ಬೆಳಿಗ್ಗೆ ಎಂಟರಿಂದ ಮಣ್ಣಿಗೆ ಒಯ್ಯುವ ತನಕ ಹಾಡಿದೆ. ಮೊದಲು ಹೆಸರು ಹಿಡಿದು ಉದ್ದಕ್ಕೆ ಕರೆಯುವುದು — ಉಸಿರು ಮುಗಿಯುವ ತನಕ. ಆಮೇಲೆ ಆಕೆ ಹೇಗೆ ಮೊರ ಹಿಡಿಯುತ್ತಿದ್ದಳು, ಕರುವಿಗೆ ಏನೆಂದು ಬೈಯುತ್ತಿದ್ದಳು, ಯಾರಿಗೂ ಕಾಣದಂತೆ ಯಾರ ಉಡಿಗೆ ಕಾಳು ಹಾಕುತ್ತಿದ್ದಳು, ಒಂದೊಂದೇ. ಹೆಂಗಸರು ಅತ್ತರು. ಅತ್ತು ಹಗುರಾದರು. ನಾನು ಎದ್ದು ಬಂದೆ. ಸತ್ತವರ ಮನೆಯಲ್ಲಿ ‘ಹೋಗಿ ಬರ್ರಿ’ ಎನ್ನುವುದಿಲ್ಲ. ಹದಿನೈದು ವರ್ಷದಿಂದ ಹೀಗೇ ಸುಮ್ಮನೆ ಎದ್ದು ಬರುತ್ತಿದ್ದೇನೆ. ನನಗಿಂತ ಮೊದಲು ಅವ್ವ ಮೂವತ್ತು ವರ್ಷ.

ನಾಳೆ ಹೊಲಿಗೆ ಕ್ಲಾಸಿನಲ್ಲಿ ಕಾಜ ಹೇಳಿಕೊಡಬೇಕು. ಎರಡನೇ ಮಷಿನ್ ನೂಲು ಕಡಿಯುತ್ತಿದೆ.

೧೪ ಆಗಸ್ಟ್

ಆಲಮೇಲದಲ್ಲಿ ಚಿಕ್ಕಪ್ಪನ ಮಗಳ ಮದುವೆ ಗೊತ್ತಾಯಿತು. ಹುಡುಗಿಯ ತಾಯಿ, ಕಾಕು, ಬಂದು ಹೇಳಿದಳು. ಹೋಗುವಾಗ ಬಾಗಿಲಲ್ಲಿ ನಿಂತು, ಅರಿಸಿನ ಹಚ್ಚುವಾಗಿನ ಹಾಡಿಗೆ ಮಾತ್ರ ನಾನು ಸೇರದಿದ್ದರೆ ಚೆನ್ನ, ಬೀಗರು ಏನಾದರೂ ಅಂದುಕೊಂಡಾರು ಎಂದಳು. ನಯವಾಗಿಯೇ ಹೇಳಿದಳು.

ನನ್ನ ಮದುವೆ ಆಗದಿರುವುದಕ್ಕೂ ಇದೇ ಕಾರಣ. ಸಾವಿಗೆ ಕರೆಯುವ ಕಂಠವನ್ನು ಯಾರು ಮನೆಗೆ ತುಂಬಿಸಿಕೊಳ್ಳುತ್ತಾರೆ? ಬೇಸರವಿಲ್ಲ. ಇದೆಯೇನೋ. ಮೂವತ್ಮೂರು ಮುಗಿಯಿತು.

೧೮ ಆಗಸ್ಟ್, ಸಂಜೆ

ರಿಪೇರಿಗೆ ಕೊಟ್ಟ ರೇಡಿಯೋ ತರಲು ನಬಿಲಾಲನ ಅಂಗಡಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡ್ ಎದುರಿನದು. ನನ್ನ ಕ್ಲಾಸಿಗೆ ಬರುವ ನಜಮಾಳ ಅಣ್ಣ ಅವನು. ನಮ್ಮ ರೇಡಿಯೋದ ಹೊಟ್ಟೆ ಬಿಚ್ಚಿ ಯಾವುದೋ ದೂರದ ಸ್ಟೇಷನ್ ಹಿಡಿದಿದ್ದ. ಅಲೆ ಬಂದಂತೆ ಬರುತ್ತಿತ್ತು, ಹೋಗುತ್ತಿತ್ತು.

ಒಬ್ಬ ಗಂಡಸು ಹಾಡುತ್ತಿದ್ದ. ಭಾಷೆ ತಿಳಿಯಲಿಲ್ಲ. ಧ್ವನಿ ಒಡೆಯುವ ಜಾಗ ಮಾತ್ರ ತಿಳಿಯಿತು — ನಾನು ಒಡೆಯುವ ಜಾಗವೇ. ಆದರೆ ಅಲ್ಲಿ ಅವನು ನಿಲ್ಲಲಿಲ್ಲ, ಜಿಗಿದ. ಕೆಳಗೆ ಡೋಲು ಓಡುತ್ತಲೇ ಇತ್ತು.

‘ಅಕ್ಕಾರ, ಇದನ್ನ ಹಾಡಿದಾವ ಮೊನ್ನೆ ಸತ್ತಾನಂತ್ರಿ,’ ಎಂದ ನಬಿಲಾಲ. ‘ಹಗಲೆಲ್ಲ ಅವನ ಹಾಡ ಹಾಕಾಕತ್ತಾರ.’

ಸತ್ತವನಿಗೆ ಕುಣಿಯುವ ಹಾಡು! ಇದಕ್ಕೆ ರಾಕ್ ಎನ್ ರೋಲ್ ಎನ್ನುತ್ತಾರಂತೆ. ಸ್ಟೂಲಿನ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ. ರೇಡಿಯೋ ತರಲು ಹೋದವಳು ಅದನ್ನು ಅಲ್ಲೇ ಬಿಟ್ಟು ಬಂದಿದ್ದೇನೆ.

೨೧ ಆಗಸ್ಟ್

ರೊಟ್ಟಿ ತಟ್ಟುತ್ತಾ ಗುನುಗಿದೆ. ಕೈಯ ಬಡಿತಕ್ಕೆ ಸರಿಯಾಗಿ. ಹೊರಸಿನ ಮೇಲಿಂದ ಅವ್ವ — ಕಣ್ಣಲ್ಲಿ ಪೊರೆ, ಕಿವಿ ಮಾತ್ರ ಚುರುಕು —

‘ಯಾರು ಸತ್ತಾರ, ರೇವಿ?’

‘ಯಾರೂ ಸತ್ತಿಲ್ಲವ್ವ.’

‘ಮತ್ತ ಹಾಡಾಕತ್ತಿಯಲ್ಲ?’

ರೊಟ್ಟಿ ಹೊತ್ತಿತು.

೪ ಸೆಪ್ಟೆಂಬರ್, ರವಿವಾರ

ನಬಿಲಾಲನ ಹತ್ತಿರ ಗಿಟಾರ್ ಇದೆ. ಸೊಲ್ಲಾಪುರದ ಹಳೇ ಸಾಮಾನಿನ ಅಂಗಡಿಯಿಂದ ತಂದದ್ದು. ಕತ್ತು ಮುರಿದಿತ್ತಂತೆ, ಬಡಿಗರ ಕೈಲಿ ಕೂಡಿಸಿದ್ದಾನೆ. ಟೆಲಿಫೋನಿನ ರಿಸೀವರ್ ಬಿಚ್ಚಿ ಒಳಗಿನ ಗುಂಡನೆಯ ಬಿಲ್ಲೆಯನ್ನು ತಂತಿಗಳ ಕೆಳಗೆ ಅಂಟಿಸಿ, ವೈರು ಎಳೆದು, ಮದುವೆಮನೆಗೆ ಬಾಡಿಗೆ ಹೋಗುವ ಸ್ಪೀಕರಿಗೆ ಕೊಟ್ಟಿದ್ದಾನೆ. ಕರೆಂಟ್ ಇದ್ದರೆ ಗುಡುಗುತ್ತದೆ. ನಜಮಾ ಢೋಲಕ ತಂದಳು. ಅವರ ಮನೆಯ ಶಾದಿಗಳಲ್ಲಿ ಬಾರಿಸಿ ಪಳಗಿದ ಕೈ.

ಅವರ ಹಿತ್ತಲಿನ ಬೇವಿನ ಕೆಳಗೆ ಕೂತೆವು. ಮಧ್ಯಾಹ್ನ. ಏನು ಹಾಡಬೇಕು? ನನಗೆ ಗೊತ್ತಿರುವುದು ಒಂದೇ. ಹಿಂದೆ ಹಾಡಿದ ಯಾರದೋ ಹೆಸರು ಹಿಡಿದು ಉದ್ದಕ್ಕೆ ಕರೆದೆ. ನಬಿಲಾಲ ಅದನ್ನು ಅರ್ಧಕ್ಕೇ ತುಂಡರಿಸಿದ, ಢಣ್! ಬೆಚ್ಚಿಬಿದ್ದೆ. ಮತ್ತೆ ಕರೆದೆ. ಮತ್ತೆ ಢಣ್. ನಜಮಾ ನಗುತ್ತಾ ಬಾರಿಸತೊಡಗಿದಳು. ಎದುರಿಗೆ ಅವಳೇ ಇದ್ದಳಲ್ಲ, ಅವಳ ಹೆಸರನ್ನೇ ಹಿಡಿದೆ —

ನಜಮಾ ನಕ್ಕರ ಹೊಲಿಗಿ ಬಿಚ್ಚತೈತಿ
ಸೂಜಿ ಕಳಕೊಂಡು ಸೂರ್ಯಾನ್ನ ಬೈತಾಳ!

ಒಂದರ ಹಿಂದೆ ಒಂದು ಬಂದವು. ಆಕೆಯ ನಡಿಗೆ, ಹಲ್ಲು, ಸೊಟ್ಟ ಕಾಜ. ಸತ್ತವರಿಗೆ ಜೋಡಿಸುವಂತೆಯೇ ಜೋಡಿಸಿದೆ, ಮೂರು ಪಟ್ಟು ಜೋರಿನಲ್ಲಿ. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಕಾಲು ತಾನಾಗಿ ನೆಲ ಒದೆಯುತ್ತಿತ್ತು. ಬೇವಿನ ಎಲೆ ಉದುರುತ್ತಿದ್ದವು... ಬಿಸಿಲು ಹಸಿರಾಗಿತ್ತು...

ಬಾಗಿಲಲ್ಲಿ ಅವರ ತಾಯಿ ಸುಲ್ತಾನಬಿ ನಿಂತಿದ್ದಳು. ಮುಖ ಬಿಳಿಚಿತ್ತು. ಒಳಗೆ ಹೋಗಿಬಿಟ್ಟಳು.

೮ ಸೆಪ್ಟೆಂಬರ್

ಮಧ್ಯಾಹ್ನ ಕಣ್ಣು ಹತ್ತಿದಾಗ ಕನಸು. ಕೆಂಪು ಬಸ್ಸು, ಭೀಮಾ ನದಿಯ ಮರಳಿನ ಮೇಲೆ ಮೆಲ್ಲಗೆ ಹೋಗುತ್ತಿದೆ. ಒಳಗೆ ನಾನು ಹಾಡಿದವರೆಲ್ಲ ಕುಳಿತಿದ್ದಾರೆ. ಕಿಟಕಿಯ ಹತ್ತಿರ ಗುರಲಿಂಗಪ್ಪನವರ ಹೆಂಡತಿ, ತೊಡೆಯ ಮೇಲೆ ಮೊರ. ಯಾರ ಮುಖದಲ್ಲೂ ದುಃಖವಿಲ್ಲ. ನೀ ಹಾಡಿದ್ದೆಲ್ಲ ನಮಗೆ ಕೇಳಲೇ ಇಲ್ಲ ನೋಡು, ಎಂದಳು. ಬೇರೆ ಊರಿನ ಸುದ್ದಿ ಹೇಳಿದಂತೆ.

ಎದ್ದಾಗ ದಿಂಬಿನ ಅಚ್ಚು ಕೆನ್ನೆಯ ಮೇಲಿತ್ತು.

೧೯ ಸೆಪ್ಟೆಂಬರ್

ನಜಮಾಗೆ ಜ್ವರ. ಐದು ದಿನವಾಯಿತು, ಇಳಿದಿಲ್ಲ. ಇಂದು ಆಸ್ಪತ್ರೆಗೆ ಸೇರಿಸಿದರು. ಟೈಫಾಯಿಡ್.

ಸುಲ್ತಾನಬಿ ಬಂದಿದ್ದಳು. ಹೊಸ್ತಿಲ ಆಚೆಯೇ ನಿಂತಳು. ‘ಜೀವಂತ ಹುಡಿಗಿ ಹೆಸರನ್ನ ಆ ರಾಗದಾಗ ಕರದಿ. ಹೆಂಗ ಮನಸ್ಸು ಬಂತು ನಿನಗ?’

ಬೈಯಲಿಲ್ಲ. ಕೇಳಿದಳಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

೨೦ ಸೆಪ್ಟೆಂಬರ್

ರಾಗದಿಂದ ಜ್ವರ ಬರುವುದಿಲ್ಲ. ಡಾಕ್ಟರೂ ಹೇಳಿದರು, ನೀರಿನಿಂದ ಬಂದದ್ದು. ಗೊತ್ತು. ಮಷಿನ್ ಮುಂದೆ ಕುಳಿತರೆ ಮಾತ್ರ ಗೊತ್ತಿರುವುದೆಲ್ಲ ಮರೆತುಹೋಗುತ್ತದೆ. ಇನ್ನು ಬಾಯಿ ಬಿಡುವುದಿಲ್ಲ.

೪ ಅಕ್ಟೋಬರ್

ಹದಿನಾಲ್ಕು ದಿನ ಬರೆದಿಲ್ಲ. ಬರೆಯಲು ಆಗಲಿಲ್ಲ.

ಇಂದು ಮಧ್ಯಾಹ್ನ ಮತ್ತೆ ಸುಲ್ತಾನಬಿ. ಈ ಸಲ ಒಳಗೆ ಬಂದು ಅವ್ವನ ಹೊರಸಿನ ತುದಿಗೆ ಕುಳಿತಳು. ಜ್ವರ ಇಳಿದಿದೆಯಂತೆ. ಹುಡುಗಿ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಗಂಜಿ ಕುಡಿಯುವುದಿಲ್ಲ, ಮಾತಿಲ್ಲ. ನಿನ್ನೆ ಒಂದೇ ಕೇಳಿದಳಂತೆ — ಅಕ್ಕಾರು ಯಾಕೆ ಬರಲಿಲ್ಲ.

‘ಬಾ,’ ಎಂದಳು. ‘ಅದನ್ನೇ ಹಾಡು. ಹೋದಾಕಿನ್ನ ಕಳಿಸಿದಂಗ ಬ್ಯಾಡ. ಹೊರಳಿ ಬಾ ಅಂತ ಕರದಂಗ ಹಾಡು.’

ನಾನು ಒಲ್ಲೆ ಎಂದೆ. ಚಾಚಿ, ನನಗೆ ಹೆದರಿಕೆ ಎಂದೆ. ಆಕೆ ನನ್ನ ಕೈ ಹಿಡಿದು ಎದ್ದಳು, ನಾನೂ ಏಳಬೇಕಾಯಿತು.

ಹೆಂಗಸರ ವಾರ್ಡು. ಹನ್ನೆರಡು ಮಂಚ. ಫಿನಾಯಿಲ್ ವಾಸನೆ, ಪರದೆಯೊಳಗಿಂದ ನೀಲಿ ಬೆಳಕು. ಎಲ್ಲರೂ ನೀರೊಳಗೆ ಮಲಗಿದ ಹಾಗೆ. ನಜಮಾಳ ಕೂದಲು ತೆಗೆದಿದ್ದರು. ಕಿವಿ ದೊಡ್ಡದಾಗಿ ಕಂಡವು. ಹೆಸರು ಕರೆಯಲು ಬಾಯಿ ಬರಲಿಲ್ಲ. ಕಬ್ಬಿಣದ ಮಂಚಕ್ಕೆ ಬೆರಳಿನಿಂದ ತಾಳ ಹಾಕಿದೆ. ಸುಮಾರು ಹೊತ್ತು ಬರೀ ತಾಳ. ಆಮೇಲೆ ಮೆಲ್ಲಗೆ, ಓಡುವ ಹಾಡನ್ನೇ ಪಿಸುಮಾತಿನಲ್ಲಿ. ‘ಸೊಟ್ಟ ಕಾಜ’ದ ಸಾಲು ಬಂದಾಗ ಹೊದಿಕೆಯೊಳಗಿಂದ ಒಂದು ಕೈ ಬಂತು. ಮಂಚಕ್ಕೆ ಎರಡು ಪೆಟ್ಟು. ನಾನು ತಾಳ ತಪ್ಪಿದ್ದೆ, ತಿದ್ದಿದಳು.

ಪಕ್ಕದ ಮಂಚದ ಮುದುಕಿ, ತಾನು ಚಡಚಣದವಳು, ತನ್ನ ಹೆಸರು ರಾಮವ್ವ, ಅದನ್ನೂ ಒಂದೀಟು ಸೇರಿಸು ಎಂದಳು. ಸೇರಿಸಿದೆ. ನರ್ಸ್ ಬಂದು ಗದರುವಷ್ಟರಲ್ಲಿ ಐದು ಹೆಸರಾಗಿದ್ದವು.

ನಜಮಾ ಅರ್ಧ ಲೋಟ ಗಂಜಿ ಕುಡಿದಳು.

೧೮ ಡಿಸೆಂಬರ್

ನಬಿಲಾಲ ಮುದ್ದೇಬಿಹಾಳದ ಒಂದು ಹೈಸ್ಕೂಲಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಹಾಡಲು ಒಪ್ಪಿಕೊಂಡು ಬಂದಿದ್ದಾನೆ. ನನ್ನನ್ನು ಕೇಳದೆ. ಸಿಟ್ಟು ಬಂತು. ಬರೀ ಸಿಟ್ಟೇ ಎಂದು ಬರೆದರೆ ಸುಳ್ಳಾಗುತ್ತದೆ.

೨೪ ಡಿಸೆಂಬರ್, ಮುದ್ದೇಬಿಹಾಳ

ಬಸ್ಸು ಹೊರಡಲು ಇನ್ನೂ ಒಂದು ತಾಸಿದೆ. ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ.

ಮೈದಾನ, ಪೆಂಡಾಲು, ಮೂರು ಗಂಟೆಯ ಬಿಸಿಲು. ಮೈಕಿನ ಮುಂದೆ ನಿಂತಾಗ ಯಾರ ಹೆಸರು ಹಿಡಿಯಲಿ ಎಂದೇ ತಿಳಿಯಲಿಲ್ಲ. ಮುಂದಿನ ಸಾಲಿನ ಹುಡುಗಿಗೆ ನಿನ್ನ ಹೆಸರೇನು ಎಂದೆ. ಸಗೀರಾ ಎಂದಳು. ಏನು ಮಾಡಿದರೆ ನಿನ್ನನ್ನು ಬೈಯುತ್ತಾರೆ ಎಂದೆ. ಮಳೆಯಾದರೆ ಸಾಲಿ ತಪ್ಪಿಸಿ ನೆನೆಯುತ್ತೇನೆ ಎಂದಳು. ಸಾಕಾಯಿತು! ಹೆಸರು ಎತ್ತಿದೆ, ಗಿಟಾರ್ ಅದನ್ನು ಕಡಿಯಿತು, ನಜಮಾ — ತಲೆಗೆ ಸ್ಕಾರ್ಫ್ ಕಟ್ಟಿ — ಢೋಲಕ ಎಬ್ಬಿಸಿದಳು. ಹೆಡ್‌ಮಾಸ್ತರ ಹೆಸರೂ ಬಂತು, ಜವಾನನದೂ ಬಂತು. ಹುಡುಗಿಯರು ಬೆಂಚು ಹತ್ತಿ ಕುಣಿದರು. ನಾನೂ. ಸೆರಗು ಸೊಂಟಕ್ಕೆ ಸಿಕ್ಕಿಸಿ. ಧ್ವನಿ ಒಡೆಯುವ ಜಾಗ ಬಂದಾಗ ತಡೆಯಲಿಲ್ಲ, ಒಡೆಯಲು ಬಿಟ್ಟೆ, ಅಲ್ಲಿಂದಲೇ ಜಿಗಿದೆ. ನೆಲ ಒಂದು ಗೇಣು ಕೆಳಗಿದ್ದಂತೆ...

ಹಿಂದಿನ ಸಾಲಿನಲ್ಲಿ ನಮ್ಮ ಕಡೆಯ ಹೆಂಗಸರಿಬ್ಬರು. ರಾಗ ಗುರುತು ಹಿಡಿದರು. ಒಬ್ಬಳು ಮಗುವನ್ನು ಎತ್ತಿಕೊಂಡು ಎದ್ದು ಹೋದಳು. ಇನ್ನೊಬ್ಬಳು ಕಣ್ಣೊರೆಸಿಕೊಂಡು ಕೊನೆಯ ತನಕ ಕುಳಿತಿದ್ದಳು.

೧೭ ಜನವರಿ ೧೯೭೮

ನಿನ್ನೆ ಬಸವನ ಬಾಗೇವಾಡಿಯಲ್ಲಿ ಹಾಡು ಆಯಿತು. ಮುಂದಿನ ತಿಂಗಳು ಇಂಡಿ. ಮಾತಾಡಲು ಧ್ವನಿ ಇಲ್ಲ. ಕ್ಲಾಸಿನಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸಿದೆ.

೩೦ ಜನವರಿ

ಪಕ್ಕದ ಓಣಿಯಲ್ಲಿ ಹೂ ಮಾರುತ್ತಿದ್ದ ಸೋಮವ್ವ ತೀರಿಕೊಂಡಳು. ಸೀರೆ ಬದಲಿಸಿ ಕಾಯುತ್ತಾ ಕುಳಿತೆ. ಕರೆ ಬರಲಿಲ್ಲ. ನಾನೇ ಹೋದೆ. ಆಲಮೇಲದಿಂದ ಬೇರೆ ಹೆಂಗಸನ್ನು ಕರೆಸಿದ್ದರು. ಸೋಮವ್ವನ ಸೊಸೆ ಹೊರಗೆ ಬಂದು, ನೀವು ಈಗ ಸ್ಟೇಜಿನ ಮೇಲೆ ಕುಣಿಯುವವರು, ನಮ್ಮ ಹಿರಿಯರು ಬೇಡ ಅಂತಾರೆ, ತಪ್ಪು ತಿಳಿಯಬೇಡಿ ಎಂದಳು.

ಗೋಡೆಯ ಆಚೆ ನಿಂತು ಕೇಳಿದೆ. ಆ ಹೆಂಗಸಿಗೆ ಸೋಮವ್ವ ಗೊತ್ತಿಲ್ಲ. ಸೋಮವ್ವ ಹೂವಿನ ಬುಟ್ಟಿಯ ಜೊತೆ ಮಾತಾಡುತ್ತಿದ್ದದ್ದು ಗೊತ್ತಿಲ್ಲ. ಎಲ್ಲರಿಗೂ ಹೊಂದುವ ಮಾತುಗಳನ್ನೇ ಹಾಡುತ್ತಿದ್ದಳು.

ನನ್ನ ಕೈಯಿಂದ ಏನೋ ಹೋಯಿತು. ಮನೆಗೆ ಬಂದು ಅವ್ವನ ಕಾಲ ಹತ್ತಿರ ಕುಳಿತು ಅತ್ತೆ. ಹಾಡದೆ ಅತ್ತೆ, ಎಷ್ಟೋ ವರ್ಷದ ಮೇಲೆ. ಅವ್ವ ತಲೆ ಸವರಿದಳು. ನನಗೆ ಇದ್ದ ಭಯ ಒಂದೇ — ಈಗ ಅವ್ವ, ನಾ ಸತ್ತರೆ ಯಾರು ಹಾಡುತ್ತಾರೆ ಎಂದು ಕೇಳುತ್ತಾಳೆ.

ಅವ್ವ ಕೇಳಿದ್ದೇ ಬೇರೆ.

‘ಆ ಕುಣಿಯೂ ಹಾಡಿನಾಗ ನನ್ನ ಹೆಸರು ಹಾಕು, ರೇವಿ. ಇಷ್ಟು ಮಂದಿಗೆ ಹಾಡೇನಿ, ಒಬ್ಬರರ ಕೇಳ್ಯಾರೇನು? ನಾ ಜೀವಂತ ಇದ್ದಾಗನ ಕೇಳ್ತೇನಿ.’

೧೧ ಫೆಬ್ರುವರಿ, ಇಂಡಿಯಿಂದ ಬಂದು

ಅವ್ವನನ್ನು ಕರೆದೊಯ್ದಿದ್ದೆ. ನಜಮಾ, ಸುಲ್ತಾನಬಿ ಎರಡೂ ಕಡೆ ಹಿಡಿದು ಬಸ್ಸು ಹತ್ತಿಸಿದರು. ಸ್ಟೇಜಿನ ಪಕ್ಕದಲ್ಲೇ ಕುರ್ಚಿ.

ಹುಚ್ಚವ್ವ ಎಂದು ಅವ್ವನ ಹೆಸರು ಎತ್ತಿದೆ. ನಬಿಲಾಲ ಕಾಯದೆ ಕಡಿದ, ಢಣ್! ಆಮೇಲೆ ಓಟ. ಅವ್ವನ ಬೈಗುಳ, ತಂಬಾಕು, ಮಳೆಯಲ್ಲಿ ಭೀಮಾ ದಾಟಿ ಸಾವಿನ ಮನೆಗೆ ಹೋದದ್ದು, ಹಿಂದಿರುಗಿ ನನಗೆ ಹಾಲೂಡಿಸಿದ್ದು. ರೊಟ್ಟಿ ಚಂದ್ರನಂತೆ ತೆಳ್ಳಗೆ ಎಂದೂ ಹಾಡಿದೆ. ಅವ್ವ ಕುರ್ಚಿಯ ಕೈ ಬಡಿಯುತ್ತಿದ್ದಳು. ಮುಖ ಆಕಾಶದ ಕಡೆ. ಪೊರೆ ಬಂದ ಕಣ್ಣಲ್ಲಿ ಬಿಸಿಲು ಹಾಲಿನಂತೆ ನಿಂತಿತ್ತು.

ಬಸ್ಸಿನಲ್ಲಿ ಅವ್ವ: ‘ರೊಟ್ಟಿದು ತೆಗಿ. ನನ್ನ ರೊಟ್ಟಿ ಅಷ್ಟು ತೆಳ್ಳಗ ಇರಾಂಗಿಲ್ಲ. ಇದ್ದವರ ಮುಂದ ಸುಳ್ಳು ಹಾಡಬಾರದು.’

ತೆಗೆದಿದ್ದೇನೆ. ದಪ್ಪ ರೊಟ್ಟಿ ಎಂದೇ ಹಾಕಿದೆ. ತಾಳಕ್ಕೂ ಚೆನ್ನಾಗಿ ಕೂರುತ್ತದೆ.

೧೯ ಫೆಬ್ರುವರಿ, ರವಿವಾರ, ಬೆಳಿಗ್ಗೆ

ಹಲಸಂಗಿಯಿಂದ ಒಬ್ಬ ಅಜ್ಜ ಬಂದಿದ್ದಾರೆ. ಅಮೋಘಸಿದ್ಧ. ಕುರಿ ಕಾಯುವವರು. ಎಪ್ಪತ್ತು ದಾಟಿದೆ. ಇಂಡಿಯಲ್ಲಿ ಮೊಮ್ಮಗಳ ಗ್ಯಾದರಿಂಗಿಗೆ ಬಂದವರು ಹಾಡು ಕೇಳಿದ್ದರಂತೆ. ಒಬ್ಬರೇ, ಎರಡು ಬಸ್ಸು ಬದಲಿಸಿ ಬಂದಿದ್ದಾರೆ. ಒಂದು ಹಾಡು ಬೇಕಂತೆ, ತಮ್ಮ ಹೆಸರಿಗಲ್ಲವಂತೆ. ಹೆಂಡತಿಗೆ. ಇದ್ದಾಳೆ, ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿರುತ್ತಾಳೆ ಈಗ ಎಂದರು. ಐವತ್ತು ವರ್ಷದಲ್ಲಿ ಆಕೆಗೆ ತಾವು ಏನೂ ಹೇಳಿಲ್ಲವಂತೆ. ನಡುಮನೆಯಲ್ಲಿ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾರೆ. ಅವ್ವ ಚಹಾ ಇಡು ಎಂದು ಕೂಗುತ್ತಿದ್ದಾಳೆ.

ಇದೇ ಪುಸ್ತಕ ತೆರೆದು ಎದುರಿಗೆ ಕುಳಿತೆ. ಅಜ್ಜಿ ಬಗ್ಗೆ ಹೇಳ್ರಿ, ನಾ ಬರಕೋತೇನಿ ಎಂದೆ. ಅಜ್ಜ ನೆಲ ನೋಡಿದರು. ನಕ್ಕರು. ಆಕಿ ಹೆಸರು ಸಾತವ್ವ ಎಂದರು. ಸಿಟ್ಟು ಬಂದಾಗ ಆಕಿ ನನ್ನ ಬಿಟ್ಟು ಕುರಿಗೆ ಬೈತಾಳ ಎಂದರು. ಮೊದಲ ಸಾಲು ಸಿಕ್ಕಿತು.