ಮಂಚದಡಿಯ ಹಳದಿ ಡಬ್ಬ

ಅಪ್ಪಾ,

ಮಗುವಿನ ತೊಟ್ಟಿಲನ್ನ ಹಿತ್ತಲಿಗೆ ಎಳೆದುಹಾಕಿದ್ದೀನಿ. ಮುಟ್ಟಬೇಡ. ಸ್ಯಾಂಡ್‌ಪೇಪರ್ ಹಿಡಿದು ಉಜ್ಜೋಕಂತೂ ಹೋಗಲೇಬೇಡ, ಆ ಧೂಳೇ ವಿಷ.

ಸೀಸ ಇದೆ ಅಂತ, ನೀನು ತೊಟ್ಟಿಲಿಗೆ ಬಳಿದ ಆ ಬಣ್ಣವನ್ನ ಸರ್ಕಾರ ನಿಲ್ಲಿಸಿ ಎಷ್ಟು ವರ್ಷವಾಯ್ತು! ಜೀವಮಾನವಿಡೀ ಊರವರ ಗೋಡೆಗೆಲ್ಲ ಅದನ್ನೇ ಬಳಿದದ್ದು ಸಾಲದಾಗಿತ್ತಾ? ಒಂದು ಡಬ್ಬ ಮಂಚದಡಿ ಬಚ್ಚಿಟ್ಟು, "ಈಗಿನದೆಲ್ಲ ಬರೀ ನೀರು, ಇದು ಅಸಲಿ ಮಾಲು, ಮೊಮ್ಮಗಳಿಗೇ ಅಂತ ಇಟ್ಟಿದ್ದೆ" ಅಂತ ಬೀಗಿದೆಯಲ್ಲ, ನೆನೆಸಿಕೊಂಡರೆ ಅಸಹ್ಯವಾಗುತ್ತೆ. ಬೆಳಿಗ್ಗೆ ಅವಳು ತೊಟ್ಟಿಲ ಅಂಚು ಕಚ್ಚುತ್ತಿದ್ದಳು. ಒಸಡಿಗೆ ಹಳದಿ ಚೂರು ಅಂಟಿತ್ತು. ಬೆರಳು ಹಾಕಿ ತೆಗೆದೆ.

ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗ್ತಿದ್ದೀನಿ. ನೆಲ ಗುಡಿಸಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು. ಊಟ ಮುಚ್ಚಿಟ್ಟಿದ್ದೀನಿ, ಸೋಪು ಹಾಕಿ ಕೈ ತೊಳೆದು ತಿನ್ನು.

ತಿಂದು ನೀನೂ ಆಸ್ಪತ್ರೆಗೆ ಬಾ. ಫೋನಲ್ಲಿ ನಿನ್ನ ಬಣ್ಣದ ಕೆಲಸವನ್ನೂ ಸೇರಿಸಿ ಎಲ್ಲ ಹೇಳಿದ ಮೇಲೆ ಡಾಕ್ಟರು ಕೇಳಿದ್ದು ಒಂದೇ: "ನಿಮ್ಮ ತಂದೆಗೆ ಕೈ ನಡುಗುತ್ತಾ?"