ಕಾಂತಬಾಲದ ಅಲೆಗಳು ಮತ್ತು ರಿಹಾನ್

೧೪ ಸೆಪ್ಟೆಂಬರ್ ೨೦೨೫, ಭಾನುವಾರ. ರಾಯಚೂರು

ವಾಸ್ತವಾಂಶಗಳು:

೧. ಭೂಮಿಯ ಕಾಂತಕ್ಷೇತ್ರವು ಸೂರ್ಯನಿಗೆ ಬೆನ್ನಾದ ಕಡೆ ಬಾಲದಂತೆ ಚಾಚಿದೆ. ಅಲ್ಲಿನ ಪ್ಲಾಸ್ಮಾದಲ್ಲಿ, ಎಂದರೆ ವಿದ್ಯುದಾವೇಶದ ಅನಿಲದಲ್ಲಿ, ಏಳುವ ಸ್ಥಿರವಿದ್ಯುತ್ ಅಲೆಗಳು ನನ್ನ ವಿಷಯ. ಇಪ್ಪತ್ತು ವರ್ಷಗಳಿಂದ.

೨. ರಿಹಾನ್ ನನ್ನ ಹಳೆಯ ವಿದ್ಯಾರ್ಥಿ. ಊರು ಮಾನ್ವಿ. ಈಗ ದೇವದುರ್ಗದ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ.

೩. ಉಪಗ್ರಹವೊಂದರ ಹಳೆಯ ದತ್ತಾಂಶದಲ್ಲಿ ಇಂಥ ಅಲೆಗಳ ಹೊಸ ಗುಂಪನ್ನು ಅವನು ಗುರುತಿಸಿದ್ದಾನೆ.

೪. ಅದೇ ದತ್ತಾಂಶ ನನ್ನ ಬಳಿಯೂ ಇತ್ತು.

ರಿಹಾನ್ ಮಧ್ಯಾಹ್ನದ ಬಸ್ಸಿಗೆ ಬಂದ. ಕುಳಿತವನೇ ಲ್ಯಾಪ್‌ಟಾಪ್ ತೆರೆದ. “ಸರ್, ಶನಿವಾರ ಹೈದರಾಬಾದಿನಾಗ ಸೆಮಿನಾರ್ ಅದ್ರಿ. ಅದಕ್ಕ ಮೊದ್ಲ ನೀವೊಮ್ಮಿ ನೋಡ್ರಿ. ತಪ್ಪಿದ್ರ ಬೈರಿ.”

ಹೆಂಡತಿ ಉಮಾದೇವಿ ಚಹಾ ತಂದಳು. ಅವನಿಗೆ ಮೊದಲು. “ನಿಮ್ಮ ಸರ್ ಇಷ್ಟು ವರ್ಷ ಆ ಬಾಲದ ಹಿಂದ ತಿರುಗಿದ್ರು. ನೀ ಬಂದು ಹಿಡದೇ ಬಿಟ್ಟಿ ನೋಡಪ್ಪಾ!”

ಇಬ್ಬರೂ ನಕ್ಕರು. ನಾನೂ ನಕ್ಕೆ… ತುಸು ತಡವಾಗಿ.

೧೫ ಸೆಪ್ಟೆಂಬರ್

ತಪ್ಪು ಸಿಕ್ಕಿತು. ಉಪಗ್ರಹ ಬುಗುರಿಯಂತೆ ತಿರುಗುತ್ತಿರುತ್ತದೆ. ಪ್ರತಿ ಸುತ್ತಿನಲ್ಲೂ ಅದರದೇ ನೆರಳು ಆಂಟೆನಾದ ಮೇಲೆ ಬಿದ್ದು, ಒಂದು ಸುಳ್ಳು ಮಿಡಿತ ದಾಖಲಾಗುತ್ತದೆ. ರಿಹಾನ್ ಈ ಮಿಡಿತಗಳನ್ನೂ ಅಲೆಗಳೆಂದೇ ಎಣಿಸಿದ್ದಾನೆ. ಸೆಮಿನಾರಿನಲ್ಲಿ ಒಬ್ಬರು ಎದ್ದು ಇದನ್ನು ಕೇಳಿದರೆ ಸಾಕು, ಎಲ್ಲ ಬಿದ್ದುಹೋಗುತ್ತದೆ.

ಊಟ ರುಚಿಸಿತು. ಕೇಳಿ ಬಡಿಸಿಕೊಂಡೆ.

೧೭ ಸೆಪ್ಟೆಂಬರ್

ರಿಹಾನ್ ಫೋನ್ ಮಾಡಿದ.

“ನೋಡಿದ್ರೇನ್ರಿ ಸರ್?”

“ನೋಡಾಕತ್ತೀನಿ.”

“ನಿಮ್ಮ ಬಾಯಿಂದ ಸರಿ ಅದ ಅಂತ ಬರ್ಬೇಕ್ರಿ. ಇಲ್ಲಾಂದ್ರ ನಾ ಹೈದರಾಬಾದಿಗೆ ಹೋಗಂಗಿಲ್ಲ. ಮೊದ್ಲನೇ ಸ್ಲೈಡಿನಾಗ ನಿಮ್ಮ ಹೆಸರು ಹಾಕೀನ್ರಿ — ನಮ್ಮ ಗುರುಗಳು ಅಂತ.”

ಗುರುಗಳು. ಸಹಲೇಖಕರಲ್ಲ.

“ತಡಿ, ಹೇಳ್ತೀನಿ,” ಎಂದೆ.

೧೮ ಸೆಪ್ಟೆಂಬರ್, ಗುರುವಾರ. ಸಂಜೆ

ನೆರಳಿನ ಮಿಡಿತಗಳನ್ನೆಲ್ಲ ತೆಗೆದು ಮತ್ತೆ ಲೆಕ್ಕ ಹಾಕಿದೆ. ಏನೂ ಉಳಿಯಬಾರದು ಎಂದು ಬಯಸಿದ್ದೆ — ಬರೆದಿಡುವುದು ಉಚಿತ. ಅರ್ಧಕ್ಕಿಂತ ಹೆಚ್ಚು ಉಳಿದವು. ಉಪಗ್ರಹದ ಸುತ್ತಿಗೂ ಅವಕ್ಕೂ ಸಂಬಂಧವಿಲ್ಲ. ಆಕಾರ ಮೊದಲಿಗಿಂತ ಸ್ಪಷ್ಟ. ಅವನು ಕಂಡದ್ದು ನಿಜ. ಇಪ್ಪತ್ತು ವರ್ಷ ನನ್ನ ಕಣ್ಣೆದುರಿಗಿದ್ದದ್ದು.

ಉಮಾದೇವಿ ಬಾಗಿಲಲ್ಲಿ ನಿಂತು ಕೇಳಿದಳು, “ಹುಡುಗ ಕಾಯಾಕತ್ತಾನ, ಏನ್ ಹೇಳ್ತೀರಿ?”

ನಿರ್ಧಾರ: ನೆರಳಿನ ತಪ್ಪನ್ನು ಈಗಲೇ ಫೋನ್ ಮಾಡಿ ತಿಳಿಸುತ್ತೇನೆ. ಉಳಿದವು ನಿಜವಾದ ಅಲೆಗಳೆಂದು ತಿಳಿಸುವುದಿಲ್ಲ.