ನಲವತ್ತೊಂದನೇ ಸಾಲಿನ ಸೊನ್ನೆ

ಕೊಪ್ಪಳ, ಫೆಬ್ರವರಿ ೩೦, ೨೧೮೭
ಬೆಳಿಗ್ಗೆ ಒಂಬತ್ತು

ನಿಮ್ಮ ಕಾಲದಲ್ಲಿ ಪವರ್ ಕನ್ವರ್ಟರ್‌ಗಳ ಮಾಡೆಲ್ ಬರೆಯುತ್ತಿರುವವರಿಗೆ,

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ನಡುನಡುವೆ ಬರುವ ನಿಮ್ಮ ಇಂಗ್ಲಿಷ್ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಹಳೆಯ ಕಡತಗಳನ್ನು ಓದಲೆಂದೇ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿತೆ, ಅರ್ಧ ಮರೆತಿದೆ. ಬೈ ದಿ ವೇ, ನನ್ನ ಹೆಂಡತಿ ನೀಲಗಂಗಾ ಸಿಕ್ಕಿದ್ದೂ ಆ ಕ್ಲಾಸಿನಲ್ಲೇ. ಅದಿರಲಿ, ಹೊತ್ತಿಲ್ಲ. ಹನ್ನೊಂದಕ್ಕೆ ಸ್ವಿಚ್ ಒತ್ತುತ್ತಾರೆ.

ಇಲ್ಲಿ ಮನೆಮನೆಗೂ ಕನ್ವರ್ಟರ್ ಇದೆ. ಛಾವಣಿಯ ಬಿಸಿಲಿನ ಕರೆಂಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ಕತ್ತರಿಸಿ ಒಲೆಗೆ, ಪಂಪಿಗೆ ಬೇಕಾದ ಅಳತೆಗೆ ಹೊಂದಿಸುತ್ತದೆ. ಕತ್ತರಿಸುವಾಗೆಲ್ಲ ಸದ್ದಿಲ್ಲದ ಒಂದು ಗಲಾಟೆ ತಂತಿಗೂ ಗಾಳಿಗೂ ಸೋರುತ್ತದೆ. ಎಷ್ಟೆಂದು ತಿಳಿಯಲು ಯಂತ್ರವನ್ನು ಮೊದಲು ಲೆಕ್ಕದಲ್ಲೇ ಕಟ್ಟುತ್ತೇವೆ. ನೀವು ಮಾಡೆಲ್ ಎನ್ನುವುದು, ನಾವು ನೆರಳುಯಂತ್ರ ಎನ್ನುವುದು ಅದನ್ನೇ. ನೆರಳು ಪಾಸಾದರೆ ನಿಜಯಂತ್ರಕ್ಕೆ ಯಾರೂ ಮೀಟರ್ ಹಿಡಿಯುವುದಿಲ್ಲ, ಅದು ಇಲ್ಲಿನ ಪದ್ಧತಿ. ಪರೀಕ್ಷಾ ಕಚೇರಿಯಲ್ಲಿ ನಲವತ್ತು ವರ್ಷ ನಾನೂ ಹಾಗೇ ಸಹಿ ಹಾಕಿದೆ.

ನೀಲಗಂಗಾಳ ಎದೆಯಲ್ಲಿ ಸಂಗಾತಿ ಇತ್ತು. ಸಂಗಾತಿ ಎಂದರೆ ಕಡಲೆಕಾಳಿನಷ್ಟು ಯಂತ್ರ. ಹೃದಯ ಬಡಿದರೆ ಸುಮ್ಮನಿರುತ್ತದೆ, ಬಡಿತ ತಪ್ಪಿದರೆ ತಾನೇ ತಟ್ಟುತ್ತದೆ. ಅಡುಗೆಮನೆಗೆ ಹಳೆಯದಕ್ಕಿಂತ ವೇಗವಾಗಿ ಕತ್ತರಿಸುವ ಹೊಸ ಕನ್ವರ್ಟರ್ ಬಂದ ದಿನ ಅವಳು, "ನಿಮ್ಮ ಸಹಿ ಐತಲ್ಲ, ಇನ್ನ ನಾ ನೂರ್ ವರ್ಷ ಬಾಳ್ತೀನಿ ಬಿಡ್ರಿ," ಎಂದು ಚೇಷ್ಟೆ ಮಾಡಿದಳು. ಮೂರನೇ ದಿನ ರೊಟ್ಟಿ ಬಡಿಯುತ್ತಲೇ ಕುಸಿದಳು. ಸಂಗಾತಿಯ ದಾಖಲೆಯಲ್ಲಿ ಕೊನೆಯ ನಿಮಿಷದವರೆಗೂ ಬಡಿತವಿತ್ತು. ಅದು ಅವಳ ಹೃದಯದ್ದಲ್ಲ. ಕನ್ವರ್ಟರ್‌ನ ಗಲಾಟೆಯನ್ನೇ ಬಡಿತವೆಂದು ನಂಬಿ ಸಂಗಾತಿ ಸುಮ್ಮನಿತ್ತು.

ಆಮೇಲೆ ಆ ಕನ್ವರ್ಟರ್ ಕಳಚಿಸಿ, ಅದರ ನೆರಳುಯಂತ್ರವನ್ನು ಸಾಲುಸಾಲಾಗಿ ಓದಿದೆ. ನಲವತ್ತೊಂದನೇ ಸಾಲು ನಿಮ್ಮ ಕಾಲದ್ದು. ಕರೆಂಟ್ ಕತ್ತರಿಸುವ ಒಳಸ್ವಿಚ್ಚಿಗೂ ಅದರ ಬಿಸಿ ಹೀರುವ ಅಲ್ಯೂಮಿನಿಯಂ ಹಲಗೆಗೂ ನಡುವಿನ ಕೆಪಾಸಿಟೆನ್ಸ್, ಅಂದರೆ ಒಂದನ್ನೊಂದು ಮುಟ್ಟದೆಯೂ ಕರೆಂಟ್ ದಾಟಿಸುವ ಗುಣ: ಸೊನ್ನೆ. ಪಕ್ಕದಲ್ಲಿ ಟಿಪ್ಪಣಿ: ನೆಗ್ಲಿಜಿಬಲ್, ಮೆಷರ್ ಲೇಟರ್. ಲೆಕ್ಕಕ್ಕಿಲ್ಲದಷ್ಟು, ಆಮೇಲೆ ಅಳೆಯೋಣ ಎಂದು. ಗಲಾಟೆ ಸೋರುವ ಹೆದ್ದಾರಿಯೇ ಅದು, ಸ್ವಾಮಿ! ಯಾರೂ ಅಳೆಯಲಿಲ್ಲ. ತಲೆಮಾರುಗಟ್ಟಲೆ ನಕಲು ಮಾಡಿಕೊಂಡೆವು.

ಇಂದು ಆಸ್ಪತ್ರೆಯ ಹೃದಯದ ವಾರ್ಡಿಗೆ ಅದೇ ಕನ್ವರ್ಟರ್, ಇನ್ನೂ ದೊಡ್ಡದು. ಅಲ್ಲಿ ಹನ್ನೆರಡು ಜನ ಸಂಗಾತಿ ಹಾಕಿಸಿಕೊಂಡವರು. ನನ್ನ ಕೈಕೆಳಗೆ ಪಳಗಿದ ಫಕೀರೇಶ ಈಗ ನಮ್ಮ ಕಚೇರಿಯ ಮುಖ್ಯಸ್ಥ. ಮೀಟರ್ ಕೇಳಿದರೆ, "ಕಾಕಾ, ನೆರಳು ಪಾಸಾಗೇತಿ. ನೀಲಗಂಗಾ ಕಾಕು ಹ್ವಾದ ದುಃಖ ನಿಮ್ಮನ್ನ ಹಿಂಗ ಮಾತಾಡಸ್ತೈತಿ," ಎಂದ. ವಾರ್ಡಿಗೆ ಜೋಡಿಸುವ ಮುಂಚೆ ಒಂದೇ ನಿಮಿಷ ನನ್ನ ಪಕ್ಕದಲ್ಲಿ ಹಚ್ಚು ಎಂದೆ. ಒಪ್ಪಿದ. ಅವಳು ಹೋದ ಮೇಲೆ ನನ್ನ ಎದೆಗೂ ಸಂಗಾತಿ ಬಂದಿರುವುದು, ಅದು ತಟ್ಟದಿದ್ದರೆ ನಾನು ನಿಲ್ಲಲಾರದಿರುವುದು ಅವನಿಗೆ ಗೊತ್ತಿಲ್ಲ; ಮೀಟರ್ ಕೊಡದಿದ್ದರೆ ನಾನೇ ಮೀಟರ್. ನರ್ಸ್ ದುರುಗವ್ವಳಿಗೆ ಗೊತ್ತು. "ನೀವು ವಾಲಿದ್ರ ಮೊದಲ ಸ್ವಿಚ್ ಆರಸ್ತೀನಿ, ಆಮ್ಯಾಲೆ ನಿಮ್ಮನ್ನ ಎಬ್ಬಿಸಿ ಬೈತೀನಿ," ಎಂದಿದ್ದಾಳೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಆ ಸಾಲನ್ನು ನೀವಿನ್ನೂ ಬರೆದಿರಲಿಕ್ಕಿಲ್ಲ. ಕೈ ಅಲ್ಲಿಗೆ ಬಂದಾಗ ಎದ್ದುಹೋಗಿ ಅಳೆಯಿರಿ. ಆಗದಿದ್ದರೆ ಜಾಗ ಖಾಲಿ ಬಿಡಿ. ಖಾಲಿ ಜಾಗ ಕಂಡವರು ಏಕೆಂದು ಕೇಳುತ್ತಾರೆ. ಸೊನ್ನೆಯನ್ನು ಯಾರೂ ಕೇಳುವುದಿಲ್ಲ, ನಾನೂ ಕೇಳಲಿಲ್ಲ.

ಹತ್ತೂ ಮುಕ್ಕಾಲು. ದುರುಗವ್ವ ಕರೆಯುತ್ತಿದ್ದಾಳೆ.

ಗವಿಸಿದ್ಧಪ್ಪ